ಪುಟ್ಟಿಗೆ, ಜಿಗ್ ಡಬ್ಬಿ ಬಗ್ಗೆ ಒಂದು ಪತ್ರ

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ಫೋಟೋ ನೋಡ್ದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಎವರೆಟ್‌ಗೆ ಹೋಗಿ ಇನ್ನೂ ಮೂರು ತಿಂಗಳು ತುಂಬಿಲ್ಲ, ಮನೇಲಿ ಒಂದು ಕುರ್ಚಿ ಇಲ್ಲ, ಹಾಸಿಗೆ ನೆಲದ ಮೇಲೆ, ಆದ್ರೆ ಗೋಡೆಗೆ ಮೀನು ಹಿಡಿಯೋ ರಾಡು ಒರಗಿಸಿದೀಯ, ಪಕ್ಕದಲ್ಲಿ ಡಬ್ಬಿ ತುಂಬಾ ಜಿಗ್ಗು, ಅದೇ ಭಾರದ ತಲೆ, ಗರಿ ಬಾಲ ಇರೋ ಕೊಕ್ಕೆಗಳು. ಝೂಮ್ ಮಾಡಿ ಎಣಿಸೋಕೆ ಹೋದೆ, ನಲವತ್ತರ ಮೇಲೆ ಬಿಟ್ಬಿಟ್ಟೆ. ನಿಮ್ಮಮ್ಮ ನನಗೆ ಫೋನ್ ಮಾಡಿ "ಎಲ್ಲಾ ನಿನ್ನಿಂದಾನೇ ಆಗಿದ್ದು, ಸೊಸೆಗೆ ನೀನೇ ಹುಚ್ಚು ಹಿಡಿಸಿದ್ದು" ಅಂತ ಬೈದ್ಲು. ಬೈಸಿಕೊಂಡಿದ್ದಕ್ಕೆ ನಾಲ್ಕು ಮಾತು ಹೇಳೋ ಹಕ್ಕಾದ್ರೂ ನನಗೆ ಬಂದಿದೆ ಅಂದ್ಕೊಂಡು ಬರೀತಿದೀನಿ, ವಾಟ್ಸಾಪಲ್ಲಿ ಇಷ್ಟುದ್ದ ಹಾಕಿದ್ರೆ ನೀನು ಓದಲ್ಲ, ಅದಕ್ಕೇ ಮೇಲ್.

ಮೊದಲು ಆ ಡಬ್ಬಿ ವಿಷ್ಯ. ನಾನೂ ಹಾಗೇ ಮಾಡಿದ್ದೆ. ನಾನು ಅಲ್ಲಿಗೆ ಹೋದ ಮೊದಲನೇ ವರ್ಷ ಒಂದು ಅಂಗಡಿಗೆ ಹೋಗಿ "ಸಾಲ್ಮನ್‌ಗೆ ಜಿಗ್ ಕೊಡಿ" ಅಂದೆ, ಅವನು ನನ್ನ ಮುಖ ನೋಡಿ, ಬಣ್ಣಕ್ಕೆ ನಾಲ್ಕರಂತೆ ಹತ್ತು ಬಣ್ಣ ತೂಗಿ ಕೊಟ್ಟ, ತೂಕ ಎಷ್ಟಿರಬೇಕು ಅಂತ ಅವನೂ ಹೇಳ್ಲಿಲ್ಲ, ನನಗೂ ಕೇಳೋಕೆ ಗೊತ್ತಿರ್ಲಿಲ್ಲ. ಮನೆಗೆ ಬಂದು ನೋಡಿದ್ರೆ ಎಲ್ಲಾ ಕಾಲು ಔನ್ಸಿಗಿಂತ ಕಮ್ಮಿ. ಹೊಳೆ ಮಧ್ಯದ ಸೆಳವಿಗೆ ಎಸೆದ್ರೆ ತಳ ಮುಟ್ಟೋ ಮುಂಚೆ ಕೆಳಗಿನ ತಿರುವಿಗೆ ಹೋಗಿರ್ತಿತ್ತು. ಒಂದು ಸೀಸನ್ ಪೂರ್ತಿ ನಾನು ಮೀನಿನ ತಲೆ ಮೇಲೆ ಬಣ್ಣಬಣ್ಣದ ಮೆರವಣಿಗೆ ಮಾಡಿದೆ, ಅಷ್ಟೇ.

ಬಣ್ಣಕ್ಕಿಂತ ಮೊದಲು ತೂಕ ನೋಡು ಪುಟ್ಟಿ. ಯಾಕಂದ್ರೆ ಹೊಳೆಗೆ ಹತ್ತಿದ ಸಾಲ್ಮನ್ ಊಟ ಬಿಟ್ಟಿರತ್ತೆ. ಸಮುದ್ರ ಬಿಟ್ಟು ಸಿಹಿನೀರಿಗೆ ಬಂದ್ಮೇಲೆ ಅದರ ಹೊಟ್ಟೆ ಮುದುಡ್ತಾ ಹೋಗತ್ತೆ, ಕೂಡಿಟ್ಟ ಕೊಬ್ಬಲ್ಲೇ ಮೇಲೆ ಹತ್ತಿ ಮೊಟ್ಟೆ ಇಟ್ಟು ಸಾಯತ್ತೆ. ಹಸಿವಿಲ್ಲದ ಮೀನು ಜಿಗ್ ಯಾಕೆ ಕಚ್ಚತ್ತೆ? ಕಿರಿಕಿರಿಗೆ, ಸಿಟ್ಟಿಗೆ, ಹಳೇ ಅಭ್ಯಾಸಕ್ಕೆ. ಮಧ್ಯಾಹ್ನ ಮಲಗಿದ ನಾಯಿ ಮೂಗಿನ ಮುಂದೆ ನೊಣ ಬಂದ್ರೆ ಹಪ್ ಅಂತ ಬಾಯಿ ಹಾಕತ್ತಲ್ಲ, ಹಾಗೆ. ನೊಣ ನಾಲ್ಕಡಿ ಮೇಲೆ ಹಾರಿದ್ರೆ ನಾಯಿ ಏಳಲ್ಲ. ಜಿಗ್ ಅದರ ಮೂಗಿನ ಮುಂದೇನೇ ಬೀಳಬೇಕು. ಬೀಳಬೇಕು ಅಂದೆ, ಎಳಿಬೇಕು ಅನ್ಲಿಲ್ಲ, ಇದನ್ನ ಎರಡು ಸಲ ಓದು.

ನೀನು ಹೋಗೋದು ಸ್ಕೈಕೋಮಿಶ್ ಹೊಳೆ ಕಡೆ ಅಂದ್ಯಲ್ಲ, ಹೈವೇ 2 ಹಿಡಿದು ಮನ್ರೋ, ಸುಲ್ತಾನ್ ಮೇಲೆ. ಅಲ್ಲಿ ಸೆಪ್ಟೆಂಬರ್ ಕೊನೆಯಿಂದ ಕೋಹೋ ನೋಡು, ಸಾಲ್ಮನ್ನಲ್ಲೇ ಅದೊಂದು ಜಾತಿ. ಕೋಹೋಗೆ ಟ್ವಿಚಿಂಗ್ ಜಿಗ್, ಅಂದ್ರೆ ಚಟ್ ಅಂತ ಎತ್ತಿ ಬೀಳೋಕೆ ಬಿಡೋದು, ಮುಕ್ಕಾಲು ಪಾಲು ದಿನಕ್ಕೆ 3/8 ಔನ್ಸ್, ಅಂದ್ರೆ ಹತ್ತು ಹತ್ತೂವರೆ ಗ್ರಾಂ. ಆಳ ಇದ್ರೆ, ಇಲ್ಲಾ ಸೆಳವು ಸ್ವಲ್ಪ ಜೋರಿದ್ರೆ ಅರ್ಧ ಔನ್ಸ್. ಕೊಕ್ಕೆ 2/0 ಅಥವಾ 3/0 ಸೈಜು, ಹರಿತ ಇರಬೇಕು, ಉಗುರಿನ ಮೇಲೆ ಇಟ್ಟು ಎಳೆದ್ರೆ ಜಾರದೆ ಕಚ್ಕೋಬೇಕು, ಜಾರಿದ್ರೆ ಅರ ಹಾಕು. ಕಲ್ಲಿಗೆ ನಾಲ್ಕು ಸಲ ತಾಗಿದ್ರೆ ಎಂಥ ಕಂಪನಿ ಕೊಕ್ಕೆನೂ ಮೊಂಡಾಗತ್ತೆ.

ಬಾಲದ ವಿಷ್ಯ: ಮೊಲದ ತುಪ್ಪಳದ ಪಟ್ಟಿ ಇರೋದು ಒಂದು ಜಾತಿ, ಮರಾಬೂ ಅಂತಾರಲ್ಲ, ಟರ್ಕಿ ಕೋಳಿಯ ಮೆತ್ತನೆ ಗರಿ, ಅದು ಇನ್ನೊಂದು. ಒಣಗಿರೋವಾಗ ಮರಾಬೂ ಚಂದ ಉಬ್ಕೊಂಡಿರತ್ತೆ, ಅಂಗಡೀಲಿ ಅದಕ್ಕೇ ಮರುಳಾಗ್ತೀವಿ. ನೀನು ಕೊಳ್ಳೋ ಮುಂಚೆ ಬೇಡ, ಕೊಂಡ್ಮೇಲಾದ್ರೂ ಮನೇಲಿ ಬಕೆಟ್ ತುಂಬಾ ನೀರಿಟ್ಟು ಅದರಲ್ಲಿ ಬಿಟ್ಟು ನೋಡು. ಒದ್ದೆ ಆದಾಗ ಗರಿ ಪೂರ್ತಿ ಅಂಟ್ಕೊಂಡು ದಾರದ ಹಾಗಾದ್ರೆ ಕಟ್ಟಿದವನು ಕಂಜೂಸಿ, ಬಿದ್ದಾಗ ಅರಳಿ, ಎತ್ತಿದಾಗ ಮುದುಡಿ, ಉಸಿರಾಡೋ ಹಾಗೆ ಕಂಡ್ರೆ ಅದನ್ನ ಇಟ್ಕೋ. ನಾನು ಚಳಿಗಾಲದ ರಾತ್ರಿ ಅಡಿಗೆಮನೆ ಮೇಜಿನ ಮೇಲೆ ಕೂತು ನಾನೇ ಕಟ್ತಿದ್ದೆ, ನಿಮ್ಮತ್ತೆ ಸಾಂಬಾರಲ್ಲಿ ಒಂದು ಸಲ ನೇರಳೆ ಗರಿ ಸಿಕ್ಕಿ ದೊಡ್ಡ ರಾಮಾಯಣ ಆಯ್ತು. ಅಂದಹಾಗೆ ಜಿಗ್ ತಲೆ ಬಹಳಷ್ಟು ಸೀಸದ್ದು. ಬಣ್ಣ ಹೋದ ಜಿಗ್ ಮುಟ್ಟಿದ ಕೈಯಲ್ಲಿ ಚಪಾತಿ ರೋಲ್ ತಿನ್ನಬೇಡ, ಕೈ ತೊಳಿ.

ಬಣ್ಣದ್ದು ಬೇಗ ಮುಗಿಸ್ತೀನಿ. ನೀರು ತಿಳಿಯಾಗಿದ್ರೆ ಕಪ್ಪು, ನೇರಳೆ, ಕಪ್ಪು-ನೀಲಿ. ಮಳೆ ಬಂದು ಹಸಿರು-ಕಂದು ಆಗಿದ್ರೆ ಗುಲಾಬಿ, ಚೆರೀಸ್ ಅಂತಾರಲ್ಲ ಆ ಗಾಢ ಗುಲಾಬಿ, ಇಲ್ಲಾ ಗಿಳಿಹಸಿರು. ಬೆಸ ಸಂಖ್ಯೆಯ ವರ್ಷಗಳಲ್ಲಿ ಪ್ಯೂಜೆಟ್ ಸೌಂಡ್ ಅನ್ನೋ ನಿಮ್ಮ ಕಡೆ ಕಡಲ ಚಾಚಿಗೆ ಸೇರೋ ಹೊಳೆಗಳಿಗೆ ಪಿಂಕ್ ಸಾಲ್ಮನ್ ದಂಡಿಯಾಗಿ ಬರತ್ತೆ, ಆಗಸ್ಟ್ ಸೆಪ್ಟೆಂಬರಲ್ಲಿ, ಮೂರರಿಂದ ಐದು ಪೌಂಡಿನ ಮೀನು, ಅದಕ್ಕೆ ಕಾಲು ಔನ್ಸಿನ ಚಿಕ್ಕ ಗುಲಾಬಿ ಜಿಗ್, ಬೇರೆ ಯೋಚನೇನೇ ಬೇಡ. ಅದರ ಮಾಂಸ ಬೇಗ ಮೆತ್ತಗಾಗತ್ತೆ, ಹಿಡಿದ ತಕ್ಷಣ ಕಿವಿರು ಕೊಯ್ದು ರಕ್ತ ಇಳಿಸಿ ಐಸಿಗೆ ಹಾಕು.

ಈಗ ಎಸೆಯೋದು. ಏಳೂವರೆ ಎಂಟಡಿ ರಾಡು, ತುದಿ ಚುರುಕಾಗಿರೋದು, ಮೂವತ್ತು ಪೌಂಡ್ ಬ್ರೇಡ್, ಅಂದ್ರೆ ಹೆಣೆದ ದಾರ, ಅದರ ಮುಂದೆ ಮೂರು ನಾಲ್ಕಡಿ ಹನ್ನೆರಡು ಹದಿನೈದು ಪೌಂಡಿನ ಲೀಡರ್, ಅಂದ್ರೆ ಜಿಗ್ ಕಟ್ಟೋ ತುದಿ ದಾರ. ಜಿಗ್‌ಗೆ ಗಂಟು ಬಿಗಿಯಾಗಿ ಹಾಕ್ದೆ ಲೂಪ್ ಗಂಟು ಹಾಕು, ತಲೆ ಆಡ್ಬೇಕು. ಕೋಹೋ ಸೆಳವಲ್ಲಿ ನಿಲ್ಲಲ್ಲ, ಅದು ಸೋಮಾರಿ ನೀರಿನ ಮೀನು: ಬಿದ್ದ ಮರದ ಹಿಂದೆ, ತಿರುವಿನ ಒಳಬದಿ, ನೊರೆ ಸುತ್ತಾಡ್ತಾ ನಿಂತಿರೋ ಜಾಗ, ಜೋರು ನೀರು ನಿಧಾನ ನೀರು ಸೇರೋ ಗೆರೆ. ನೀನು ನಡೆಯೋ ವೇಗಕ್ಕಿಂತ ನಿಧಾನ ಹರಿಯೋ ನೀರು, ನಾಲ್ಕರಿಂದ ಹತ್ತಡಿ ಆಳ. ಅಲ್ಲಿಗೆ ಅಡ್ಡಕ್ಕೆ ಎಸಿ, ತಳದ ಹತ್ರ ಹೋಗೋವರೆಗೆ ಬಿಡು, ರಾಡಿನ ತುದಿ ಒಂದಡಿ ಚಟ್ ಅಂತ ಎತ್ತು, ಆಮೇಲೆ ತುದಿ ಇಳಿಸ್ತಾ ಇಳಿಸ್ತಾ ಸಡಿಲ ಆದ ದಾರ ಮಾತ್ರ ಸುತ್ಕೋ. ಪೂರ್ತಿ ಸಡಿಲ ಬಿಟ್ರೆ ಮೀನು ಕಚ್ಚಿದ್ದು ತಿಳಿಯಲ್ಲ, ಪೂರ್ತಿ ಬಿಗಿ ಹಿಡಿದ್ರೆ ಜಿಗ್ ಬೀಳಲ್ಲ, ಗಾಳಿಪಟದ ದಾರದ ಹಾಗೆ ನಡುವೆ ಎಲ್ಲೋ.

ಕಚ್ಚೋದು ಎತ್ತಿದಾಗ ಅಲ್ಲ, ಬೀಳುವಾಗ. ನಮ್ಮೂರಲ್ಲಿ ತುಂಗೆ ದಂಡೇಲಿ ಗಾಳ ಹಾಕಿ ಬೆಂಡು ಮುಳುಗೋದನ್ನ ಕಾಯ್ತಾ ಬೆಳೆದ ನನಗೆ ಇದು ತಲೆಗೆ ಹೋಗೋಕೆ ಎರಡು ವರ್ಷ ಬೇಕಾಯ್ತು. ತುಂಗೇಲಿ ಎರೆಹುಳ ಇದೆ, ಮೀನಿಗೆ ಹಸಿವಿದೆ, ಕಾಯೋದೊಂದೇ ಕೆಲಸ. ಜಿಗ್ಗಲ್ಲಿ ಕೈಗೆ ಏನೂ ಹೊಡೆಯಲ್ಲ. ಬೀಳ್ತಾ ಇದ್ದ ಜಿಗ್ ಬೀಳೋದು ನಿಲ್ಲತ್ತೆ, ಅಷ್ಟೇ. ಅಥವಾ ನೀರಿಗೆ ಇಳಿಯೋ ಜಾಗದಲ್ಲಿ ದಾರ ಒಂದು ಇಂಚು ಪಕ್ಕಕ್ಕೆ ಸರಿಯತ್ತೆ. ಎರಡು ಅಂತ ಎಣಿಸಿದಾಗ ತಳ ಸಿಗ್ತಿದ್ದ ಜಾಗದಲ್ಲಿ ಒಂದಕ್ಕೇ ನಿಂತ್ರೆ, ಅದು ತಳ ಅಲ್ಲ, ಬಾಯಿ. ಆಗ ಯೋಚನೆ ಮಾಡ್ದೆ ಎಳಿ. ಪೋಲರೈಸ್ಡ್ ಕನ್ನಡಕ ಹಾಕು, ದಾರ ಕಾಣತ್ತೆ, ಗಾಳೀಲಿ ಹಾರಿ ಬರೋ ಸೀಸದಿಂದ ಕಣ್ಣೂ ಉಳಿಯತ್ತೆ. ಇದಕ್ಕೇ ತೂಕ ತೂಕ ಅಂತ ಬಡ್ಕೊಂಡಿದ್ದು: ಜಿಗ್ ಎಷ್ಟು ಎಣಿಕೆಗೆ ಬೀಳತ್ತೆ ಅಂತ ನಿನಗೆ ಗೊತ್ತಿಲ್ದಿದ್ರೆ, ಬೀಳದೇ ಇದ್ದಾಗ ಹೇಗೆ ಗೊತ್ತಾಗತ್ತೆ? ಹತ್ತು ತರದ ಜಿಗ್ ಬದಲಾಯಿಸ್ತಾ ಹೋದ್ರೆ ಎಣಿಕೆ ಯಾವತ್ತೂ ಕೈಗೆ ಹತ್ತಲ್ಲ. ಒಂದೇ ಜಿಗ್ ಒಂದು ಬೆಳಗ್ಗೆ ಪೂರ್ತಿ ಎಸಿ. ಮತ್ತೆ ಬೆಳಗ್ಗೆ ಅಂದ್ರೆ ಬೆಳಗ್ಗೆ, ಬೆಳಕು ಹರಿಯೋ ಹೊತ್ತು, ನೀನು ಒಂಬತ್ತಕ್ಕೆ ಕಾಫಿ ಹಿಡ್ಕೊಂಡು ಹೋದ್ರೆ ಮೀನು ನೋಡಬಹುದು, ಹಿಡಿಯೋದು ಕಷ್ಟ.

ಬೆಂಡು ಬಿಡಕ್ಕಾಗಲ್ಲ ಅನ್ನೋ ನನ್ನಂಥವರಿಗೆ ಫ್ಲೋಟ್ ಜಿಗ್ ಇದೆ. 1/8 ಇಂದ ಕಾಲು ಔನ್ಸ್, ನವೆಂಬರಲ್ಲಿ ಬರೋ ಚಮ್ ಸಾಲ್ಮನ್‌ಗೆ ಇದೇ ಸರಿ, ಚೆರೀಸ್ ಬಣ್ಣ, ಬೇಟ್, ಅಂದ್ರೆ ತಿನ್ನೋ ಎರೆ, ಹಾಕೋಕೆ ಬಿಡೋ ಕಡೆ ತುದಿಗೆ ಒಂಚೂರು ಸಿಗಡಿ. ಇಲ್ಲಿ ಟ್ವಿಚ್ ಇಲ್ಲ, ಜಿಗ್ ತಳಕ್ಕಿಂತ ಒಂದಡಿ ಮೇಲೆ ನೀರಿನ ವೇಗಕ್ಕೇ ತೇಲಬೇಕು. ಫ್ಲೋಟಿನ ತಲೆ ಹರಿವಿನ ಕಡೆಗೆ ವಾಲಿದ್ರೆ ಜಿಗ್ ತಳಕ್ಕೆ ತಾಗಿ ಹಿಂದೆ ಉಳೀತಿದೆ ಅಂತ ಅರ್ಥ, ಆಳ ಕಮ್ಮಿ ಮಾಡು. ಇದಕ್ಕೆ ಲೂಪ್ ಬೇಡ, ಬಿಗಿ ಗಂಟೇ ಹಾಕಿ ಕೊಕ್ಕೆ ಕಣ್ಣಿನ ನೆತ್ತಿ ಮೇಲೆ ಕೂರಿಸು, ಆಗ ಜಿಗ್ ನೆಟ್ಟಗೆ ಮಲಗಿದ ಹಾಗೆ ತೂಗತ್ತೆ, ಗಂಟು ಮುಂದಕ್ಕೆ ಜಾರಿದ್ರೆ ಬಾಲ ಜೋತು ಬೀಳತ್ತೆ. ಪ್ರತಿ ಮೀನಿನ ನಂತರ, ಪ್ರತಿ ಕಲ್ಲಿನ ನಂತರ ಉಗುರಲ್ಲಿ ಹಿಂದಕ್ಕೆ ತಳ್ಳು. ನಾನು ನೋಡಿದ ಒಳ್ಳೇ ಬೆಸ್ತರೆಲ್ಲ ಮಾತಾಡ್ತಾ ಮಾತಾಡ್ತಾ ಇದೊಂದನ್ನ ಮಾಡ್ತಾನೇ ಇರ್ತಿದ್ರು, ನಮ್ಮಜ್ಜಿ ಮಾತಿನ ಮಧ್ಯೆ ಎಲೆ ಅಡಿಕೆ ಚೀಲ ಸರಿಮಾಡ್ಕೊಳ್ಳೋ ಹಾಗೆ.

ಕಾನೂನು. ಇಲ್ಲಿ ನಗಬೇಡ, ನಾನು ಮರ್ಯಾದೆ ಕಳ್ಕೊಂಡಿದ್ದು ಇದರಲ್ಲೇ. ನಮ್ಮ ಕಡೆ ಮುಂಗಾರಿನ ಮೊದಲ ಮಳೆಗೆ ಗದ್ದೆ ತೋಡಿಗೆ ಹತ್ತುಮೀನು ಬರತ್ತಲ್ಲ, ರಾತ್ರಿ ಬ್ಯಾಟರಿ ಕತ್ತಿ ಹಿಡ್ಕೊಂಡು ಹೋಗಿ ಕಡೀತಿದ್ವಿ, ತಲೆಗೆ ಬಿತ್ತೋ ಬಾಲಕ್ಕೆ ಬಿತ್ತೋ ಯಾರು ಕೇಳ್ತಾರೆ. ಆ ಬುದ್ಧೀಲೇ ಅಲ್ಲಿ ಮೊದಲನೇ ಕೋಹೋ ಬೆನ್ನಿಗೆ ಕೊಕ್ಕೆ ಸಿಕ್ಕಿಸ್ಕೊಂಡು ಬಂತು, ನಾನು ಕುಣೀತಿದೀನಿ, ಪಕ್ಕದಲ್ಲಿ ನಿಂತಿದ್ದ ಮುದುಕ ಮೆಲ್ಲಗೆ "ಬಾಯಿ ಒಳಗೆ ಸಿಕ್ಕಿಲ್ಲ, ಬಿಡಪ್ಪ" ಅಂದ. ಬಾಯಿ ಒಳಗೆ ಕಚ್ಚಿಲ್ಲ ಅಂದ್ರೆ ಬಿಡಲೇಬೇಕು. ಎರಡನೇದು ಬೆನ್ನಿನ ಹಿಂದೆ ಬಾಲದ ಮುಂಚೆ ಇರೋ ಪುಟ್ಟ ರೆಕ್ಕೆ ನೋಡು: ಕತ್ತರಿಸಿದ್ರೆ ಹ್ಯಾಚರೀಲಿ ಸಾಕಿ ಬಿಟ್ಟ ಮೀನು, ಇದ್ರೆ ಕಾಡು ಮೀನು ಅಂತ ಲೆಕ್ಕ. ಯಾವ ಹೊಳೇಲಿ ಯಾವುದನ್ನ ಇಟ್ಕೋಬಹುದು ಅನ್ನೋದು ಬದಲಾಗ್ತಾನೇ ಇರತ್ತೆ, ಮುಳ್ಳಿಲ್ಲದ ಕೊಕ್ಕೆ ಕಡ್ಡಾಯವೋ, ಬೇಟ್ ಹಾಕಬಹುದೋ ಅದೂ ಹಾಗೇ, ಸೀಸನ್ ಮಧ್ಯೆ ತುರ್ತು ಆದೇಶ ಬಂದು ಹೊಳೆ ಮುಚ್ಚಿಬಿಡ್ತಾರೆ. ಹೊರಡೋ ದಿನಾನೇ ವಾಷಿಂಗ್ಟನ್ ರಾಜ್ಯದ ಮೀನು ಇಲಾಖೆ ವೆಬ್‌ಸೈಟ್ ನೋಡು. ಬಿಡಬೇಕಾದ ಸಾಲ್ಮನ್‌ನ ಪೂರ್ತಿ ನೀರಿಂದ ಮೇಲೆತ್ತೋ ಹಾಗಿಲ್ಲ, ಸೆಲ್ಫಿಗೂ ಇಲ್ಲ. ಲೈಸೆನ್ಸ್ ವರ್ಷ ಏಪ್ರಿಲ್ 1ರಿಂದ ಮಾರ್ಚ್ 31, ಇಟ್ಕೊಂಡ ಮೀನನ್ನ ಕ್ಯಾಚ್ ಕಾರ್ಡಲ್ಲಿ ಅಲ್ಲೇ ಆಗಲೇ ಬರಿ.

ಇನ್ನೊಂದು ಹೇಳ್ಬಿಡ್ತೀನಿ. ಕೆಳಗೆ ಸ್ನೋಹೋಮಿಶ್‌ನಲ್ಲಿ ಅಲ್ಲಿನ ಮೂಲನಿವಾಸಿ ಬುಡಕಟ್ಟಿನವರು ಬಲೆ ಹಾಕಿದ್ರೆ, ದಂಡೇಲಿ ನಿಂತು ಗೊಣಗೋರು ಸಿಗ್ತಾರೆ, ಅವರ ಜೊತೆ ಸೇರಬೇಡ. ನಿಮ್ಮನೆ ಪಕ್ಕದ ಮುಕಿಲ್ಟಿಯೋದಲ್ಲೇ 1855ರಲ್ಲಿ ಅವರಿಗೂ ಸರ್ಕಾರಕ್ಕೂ ಪಾಯಿಂಟ್ ಎಲಿಯಟ್ ಒಪ್ಪಂದ ಆಗಿದ್ದು, ನೆಲ ಬಿಟ್ಟುಕೊಟ್ರೂ ಮೀನಿನ ಹಕ್ಕು ಅವರು ಬಿಟ್ಟುಕೊಡ್ಲಿಲ್ಲ. ಅಂಥದೇ ಹಕ್ಕಿಗೋಸ್ಕರ ನಿಸ್ಕ್ವಾಲಿ ಹೊಳೇಲಿ ಬಿಲ್ಲಿ ಫ್ರಾಂಕ್ ಜೂನಿಯರ್ ಅನ್ನೋರು ಎಷ್ಟು ಸಲ ಜೈಲಿಗೆ ಹೋಗಿ ಬಂದ್ರೋ, ಕೊನೆಗೆ 1974ರಲ್ಲಿ ಜಡ್ಜ್ ಬೋಲ್ಟ್ ಹಿಡಿಯಬಹುದಾದ ಮೀನಲ್ಲಿ ಅರ್ಧ ಪಾಲು ಬುಡಕಟ್ಟುಗಳದ್ದು ಅಂತ ತೀರ್ಪು ಕೊಟ್ರು. ನಾವು ಮೊನ್ನೆ ಮೊನ್ನೆ ವೀಸಾ ಹಾಕ್ಕೊಂಡು ಹೋದೋರು, ನಮಗೆ ಅಲ್ಲಿ ಗೊಣಗೋ ಅರ್ಹತೆ ಎಲ್ಲಿಂದ ಬಂತು.

ನೀರಿಗೆ ತೊಡೆ ಮೇಲೆ ಇಳೀಬೇಡ. ವೇಡರ್, ಅದೇ ನೀರಿಗಿಳಿಯೋ ಉದ್ದ ಪ್ಯಾಂಟು, ಹಾಕಿದ್ರೆ ಸೊಂಟಕ್ಕೆ ಬೆಲ್ಟ್ ಬಿಗಿ, ಬಿದ್ರೆ ನೀರು ತುಂಬೋದು ನಿಧಾನ ಆಗತ್ತೆ. ಅದು ಹಿಮ ಕರಗಿ ಬರೋ ನೀರು, ನೀನು ತುಂಗೇಲಿ ಈಜಿದ್ದು ಅಲ್ಲಿ ಲೆಕ್ಕಕ್ಕಿಲ್ಲ. ಒಬ್ಬಳೇ ಹೋಗಬೇಡ ಅಂತ ಹೇಳಿದ್ರೂ ಹೋಗ್ತೀಯ, ಅದಕ್ಕೆ ಎಲ್ಲಿಗೆ ಅಂತ ಯಾರಿಗಾದ್ರೂ ಮೆಸೇಜ್ ಹಾಕಿ ಹೋಗು.

ನಿಮ್ಮಮ್ಮ ಮುಂದಿನ ತಿಂಗಳು ಅಲ್ಲಿಗೆ ಬರುವಾಗ ಮಿಡಿ ಉಪ್ಪಿನಕಾಯಿ ಜೊತೆ ನನ್ನ ಹಳೇ ಡಬ್ಬಿ ಕಳಿಸ್ತಿದೀನಿ, ಚೆಕ್-ಇನ್ ಬ್ಯಾಗಲ್ಲಿ ಹಾಕೋಕೆ ಹೇಳಿದೀನಿ. ಆರು ಜಿಗ್ ಇದಾವೆ: ಕಪ್ಪು-ನೇರಳೆ 3/8 ಮೂರು, ಚೆರೀಸ್ 3/8 ಒಂದು, ಕಪ್ಪು-ನೀಲಿ ಅರ್ಧ ಔನ್ಸ್ ಎರಡು. ಕಪ್ಪು-ನೇರಳೇಲಿ ಒಂದರ ತಲೆ ಬಣ್ಣ ಹಲ್ಲಿಗೆ ಸಿಕ್ಕಿ ಪೂರ್ತಿ ಕಿತ್ತಿದೆ, ತುಪ್ಪಳ ಅರ್ಧ ಬೋಳು, ನೋಡಿ ಎಸಿಬೇಡ, ಮೊದಲು ಅದನ್ನೇ ಕಟ್ಟು. ಮರಕ್ಕೆ ಸಿಕ್ಕಿ ಹೋಯ್ತು ಅಂದ್ರೆ ಹೋಗ್ಲಿ, ಅದನ್ನ ಬಿಡಿಸೋಕೆ ನೀರಿಗೆ ಇಳಿದೆ ಅಂತ ಗೊತ್ತಾದ್ರೆ ಮಾತ್ರ ನಾನು ನಿಮ್ಮಮ್ಮನ ಪಾರ್ಟಿ. ಮೀನು ಸಿಕ್ಕಿದ್ರೆ ತಲೆ ಬಿಸಾಕಬೇಡ, ಕೊಬ್ಬೆಲ್ಲ ಅಲ್ಲೇ ಇರೋದು. ಹುಳಿ ಜಾಸ್ತಿ ಬೇಕು ಅದಕ್ಕೆ, ವಾಟೆಹುಳಿ ಪುಡಿ ಒಂದು ಪೊಟ್ಟಣ ಡಬ್ಬಿ ಪಕ್ಕದಲ್ಲೇ ಇಟ್ಟಿದಾಳೆ ನಿಮ್ಮತ್ತೆ.

ನಿನ್ನ ಮಾವ
ತೀರ್ಥಹಳ್ಳಿ