ನಾರಾ ನಡಿಗೆ: ಭಾನುವಾರದ ಕುರಿತು ಸೂಚನೆ

ಆತ್ಮೀಯ ಸದಸ್ಯರೇ,

ಬರುವ ಭಾನುವಾರ ಬೆಳಿಗ್ಗೆ 8.30ಕ್ಕೆ ಎಲ್ಲರೂ ಜಪಾನಿನ ನಾರಾ ನಗರದ ಕಿಂತೆತ್ಸು ನಾರಾ ರೈಲು ನಿಲ್ದಾಣದ ಹೊರಗಿನ ಕಾರಂಜಿಯ ಬಳಿ ಸೇರಬೇಕಾಗಿ ಕೋರುತ್ತೇನೆ. ಅಲ್ಲಿರುವುದು ಭಿಕ್ಷು ಗ್ಯೋಕಿಯವರ ಪ್ರತಿಮೆ. 736ರಲ್ಲಿ ಜಪಾನಿಗೆ ಬಂದ ಭಾರತದ ಭಿಕ್ಷು ಬೋಧಿಸೇನರನ್ನು ಎದುರುಗೊಂಡವರು ಇವರೇ ಎಂದು ಹೇಳುತ್ತಾರೆ.

ಕೊಫುಕುಜಿ ಬೌದ್ಧ ಮಂದಿರದ ಅಂಗಳವನ್ನು ಬೇಗನೆ ದಾಟಿ, ಹೆಚ್ಚಿನ ಸಮಯವನ್ನು ತೋದಾಯಿಜಿ ಬೌದ್ಧ ಮಂದಿರಕ್ಕೆ ಮೀಸಲಿಡೋಣ. ಅದರ ದಕ್ಷಿಣ ಮಹಾದ್ವಾರದಲ್ಲಿ ಉನ್ಕೇಯಿ, ಕಾಯ್ಕೇಯಿ ಮತ್ತು ಅವರ ಸಂಗಡಿಗರು 1203ರಲ್ಲಿ ಕೆತ್ತಿದ, ಎಂಟು ಮೀಟರಿಗೂ ಎತ್ತರದ ಎರಡು ಮರದ ದ್ವಾರಪಾಲಕರಿದ್ದಾರೆ; ದಯವಿಟ್ಟು ಅವಸರಪಡದೆ ತಲೆಯೆತ್ತಿ ನೋಡಿ. ಒಳಗಿನ ಸುಮಾರು 15 ಮೀಟರ್ ಎತ್ತರದ ಕಂಚಿನ ಬುದ್ಧನಿಗೆ 752ರಲ್ಲಿ ನೇತ್ರೋನ್ಮೀಲನ (ಕುಂಚದಿಂದ ಕಣ್ಣು ಬಿಡಿಸುವ ವಿಧಿ) ಮಾಡಿದವರು ಬೋಧಿಸೇನರು. ಅಂದು ಅವರ ಕುಂಚಕ್ಕೆ ಕಟ್ಟಿದ್ದ ಉದ್ದನೆಯ ದಾರಗಳನ್ನು ನೆರೆದವರು ಹಿಡಿದು ಆ ಕ್ರಿಯೆಯಲ್ಲಿ ಪಾಲ್ಗೊಂಡರೆಂಬ ಸಂಗತಿ ನನ್ನನ್ನು ಇಂದಿಗೂ ಪುಳಕಗೊಳಿಸುತ್ತದೆ. ಬುದ್ಧನಿರುವ ಈಗಿನ ಭವನ 1709ರದು, ಮೂಲಕ್ಕಿಂತ ಕಿರಿದು.

ಅಲ್ಲಿಂದ ಎತ್ತರದಲ್ಲಿರುವ ನಿಗತ್ಸುದೋ ಮಂದಿರದ ಮೆಟ್ಟಿಲೇರಿ ಊರನ್ನು ನೋಡಿ, ಕಾಡಿನಂಚಿನ ದಾರಿಯಲ್ಲಿ ಕಸುಗಾ ತಾಯ್ಶಾ ತಲುಪುತ್ತೇವೆ. 768ರಲ್ಲಿ ಸ್ಥಾಪಿತವಾದ ಈ ಶಿಂತೋ ದೇಗುಲದಲ್ಲಿ ಭಕ್ತರು ಅರ್ಪಿಸಿದ ಕಲ್ಲು ಮತ್ತು ಕಂಚಿನ ದೀಪಗಳು ಸುಮಾರು 3,000 ಇವೆ. ಇಲ್ಲಿ ಎರಡು ಬಾರಿ ಬಾಗಿ, ಎರಡು ಬಾರಿ ಚಪ್ಪಾಳೆ ತಟ್ಟಿ, ಮತ್ತೊಮ್ಮೆ ಬಾಗುವುದು ಕ್ರಮ. ಬೌದ್ಧ ಮಂದಿರಗಳಲ್ಲಿ ಚಪ್ಪಾಳೆ ತಟ್ಟದೆ ಕೈಮುಗಿದರೆ ಸಾಕು.

ದಾರಿಯಲ್ಲಿ ಓಡಾಡುವ ಜಿಂಕೆಗಳಿಗೆ ಅಲ್ಲಿ ಮಾರುವ ಜಿಂಕೆ ಬಿಸ್ಕತ್ತನ್ನು ಬಿಟ್ಟು ಬೇರೇನನ್ನೂ ಕೊಡಬೇಡಿ. ಕೈಯಲ್ಲಿರುವ ಕಾಗದವನ್ನೂ ಅವು ಎಳೆದು ತಿನ್ನುತ್ತವೆ. ಬರುವವರು ಶುಕ್ರವಾರ ಸಂಜೆಯೊಳಗೆ ಈ ಗುಂಪಿನಲ್ಲಿ ತಿಳಿಸಬೇಕಾಗಿ ವಿನಂತಿ.