ವೇಡರ್‌ನ ಹಡಗು: ನಾಲ್ಕು ತಿದ್ದುಪಡಿ

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ಬಂದ, 'ಸ್ಟಾರ್ ವಾರ್ಸ್' ಸಿನಿಮಾ ಸರಣಿಯ ಲೇಖನ ಸರಾಗವಾಗಿ ಓದಿಸಿಕೊಂಡಿತು. ಆದರೆ ಖಳನಾಯಕ ಡಾರ್ತ್ ವೇಡರ್‌ನ ಮುಖ್ಯ ಬಾಹ್ಯಾಕಾಶ ನೌಕೆ 'ಎಕ್ಸಿಕ್ಯೂಟರ್' ಕುರಿತ ಎರಡೇ ಪ್ಯಾರಾದಲ್ಲಿ ನಾಲ್ಕು ತಪ್ಪು ನುಸುಳಿವೆ.

ಅಚ್ಚಾದ ಚಿತ್ರವೇ ಬೇರೆ ಹಡಗಿನದು. ಅದು 1977ರ ಮೊದಲ ಸಿನಿಮಾದ ಆರಂಭದಲ್ಲಿ ತಲೆಯ ಮೇಲೆ ಹಾದುಹೋಗುವ 'ಡೆವಾಸ್ಟೇಟರ್', 1,600 ಮೀಟರಿನ ಮಾಮೂಲಿ ಸ್ಟಾರ್ ಡಿಸ್ಟ್ರಾಯರ್ (ಯುದ್ಧನೌಕೆ). ಹಿಂಭಾಗದ ಎಂಜಿನ್ ಎಣಿಸಿದರೆ ಗೊತ್ತಾಗುತ್ತದೆ: ಇದಕ್ಕೆ ದೊಡ್ಡವು ಮೂರು, ಸಣ್ಣವು ನಾಲ್ಕು, ಎಕ್ಸಿಕ್ಯೂಟರ್‌ಗೆ 13. ಎಕ್ಸಿಕ್ಯೂಟರ್ ತೆರೆಗೆ ಬಂದದ್ದೇ 1980ರಲ್ಲಿ.

ಎಕ್ಸಿಕ್ಯೂಟರ್‌ನ ಉದ್ದ 8 ಕಿ.ಮೀ. ಎಂದದ್ದಕ್ಕೆ ಲೇಖಕರನ್ನೊಬ್ಬರನ್ನೇ ದೂರುವಂತಿಲ್ಲ, ಹಳೆಯ ಪುಸ್ತಕಗಳಲ್ಲೂ ಹಾಗೇ ಇದೆ. ತೆರೆಯ ಮೇಲೆ ಪಕ್ಕದಲ್ಲಿ ಸಾಗುವ ಡಿಸ್ಟ್ರಾಯರ್‌ಗಳೊಂದಿಗೆ ಅಳೆದು ನೋಡಿದ ಅಭಿಮಾನಿಗಳು ಈ ಲೆಕ್ಕಕ್ಕಾಗಿ ವರ್ಷಗಟ್ಟಲೆ ಕಿತ್ತಾಡಿದ್ದಾರೆ. ಈಗ ಅಧಿಕೃತವಾಗಿ 19 ಕಿ.ಮೀ. ಈ ತುದಿಯಿಂದ ಆ ತುದಿಗೆ ನಡೆದುಹೋಗಲು ಸುಮಾರು ನಾಲ್ಕು ಗಂಟೆ ಬೇಕು.

'ಕಂಪ್ಯೂಟರ್ ಗ್ರಾಫಿಕ್ಸ್‌ನ ಚಮತ್ಕಾರ' ಎಂಬ ಮಾತನ್ನು ಮಾತ್ರ ಬಿಡಲಾಗದು. ಡೆವಾಸ್ಟೇಟರ್ ಕೈಯಲ್ಲಿ ಮಾಡಿದ 91 ಸೆಂ.ಮೀ. ಮಾದರಿ. ಅದರ ಮೈಮೇಲಿನ ಕುಸುರಿಗೆ ಅಂಗಡಿಯಲ್ಲಿ ಸಿಗುವ ಟ್ಯಾಂಕ್, ಯುದ್ಧನೌಕೆ ಕಿಟ್‌ಗಳ ಪ್ಲಾಸ್ಟಿಕ್ ಚೂರುಗಳನ್ನು ಅಂಟಿಸಿದ್ದಾರೆ. ಅದು ಬೆನ್ನಟ್ಟುವ ಪುಟ್ಟ ಹಡಗಿನ ಮಾದರಿಯೇ ಇದಕ್ಕಿಂತ ದೊಡ್ಡದಿತ್ತು! ದೈತ್ಯ ಗಾತ್ರ ಹುಟ್ಟಿದ್ದು ಕ್ಯಾಮೆರಾದಿಂದ. ಮಾದರಿ ಅಲುಗಾಡುವುದಿಲ್ಲ, ಹಳಿಯ ಮೇಲೆ ಸಾಗುವುದು ಕ್ಯಾಮೆರಾ. ಲೆನ್ಸ್ ಮಾದರಿಗೆ ತಾಗಿಯೇಬಿಡುವಷ್ಟು ಹತ್ತಿರ ಹೋದಾಗ ಒಂದು ತುದಿ ಮಸುಕಾದರೂ ಸಾಕು, ಹಡಗು ಆಟಿಕೆಯಾಗಿ ಕಾಣುತ್ತದೆ. ಅದಕ್ಕೆ ಲೆನ್ಸಿನ ಕಂಡಿಯನ್ನು ಸಣ್ಣದು ಮಾಡಬೇಕು. ಆಗ ಬೆಳಕು ಸಾಲದು, ಒಂದೊಂದು ಫ್ರೇಮಿಗೂ ಹೆಚ್ಚು ಹೊತ್ತು ಕೊಡಬೇಕು, ಕ್ಯಾಮೆರಾ ಬಸವನಹುಳುವಿನಂತೆ ತೆವಳಬೇಕು. ಹಡಗಿನ ಮೈಗೊಮ್ಮೆ, ಎಂಜಿನ್ ಬೆಳಕಿಗೊಮ್ಮೆ ಅದೇ ದಾರಿಯನ್ನು ಮತ್ತೆ ಕ್ರಮಿಸಬೇಕು. ಕೂದಲೆಳೆ ತಪ್ಪಿದರೂ ಬೆಳಕೊಂದು ಕಡೆ, ಎಂಜಿನ್ ಇನ್ನೊಂದು ಕಡೆ. ಚಿತ್ರದ ವಿಶೇಷ ದೃಶ್ಯಗಳ ಹೊಣೆ ಹೊತ್ತಿದ್ದ ಜಾನ್ ಡೈಕ್‌ಸ್ಟ್ರಾ ತಂಡ ಕಟ್ಟಿದ ಯಂತ್ರದ ಎಲೆಕ್ಟ್ರಾನಿಕ್ಸ್ ನೆನಪಿಟ್ಟುಕೊಂಡದ್ದು ಈ ದಾರಿಯನ್ನು. ಹಡಗಿನ ಚಿತ್ರ ಬರೆದದ್ದು ಅದಲ್ಲ.

ಕೊನೆಯದು, 'ಒಂದೇ ಪುಟ್ಟ ವಿಮಾನ ವೇಡರ್‌ನ ಹಡಗನ್ನು ಅವನ ಕಣ್ಣೆದುರೇ ಮುಗಿಸಿತು' ಎಂಬ ವಾಕ್ಯ. 1983ರ ಚಿತ್ರದಲ್ಲಿ ಬಂಡುಕೋರರ ಇಡೀ ಪಡೆ ಮೊದಲು ಎಕ್ಸಿಕ್ಯೂಟರ್ ಒಂದರ ಮೇಲೇ ಗುಂಡಿನ ಮಳೆಗರೆಯುತ್ತದೆ. ಗೋಪುರದ ಮೇಲಿನ ಗುಮ್ಮಟ ಸಿಡಿದು ಸೇತುವೆಯ, ಅಂದರೆ ನಿಯಂತ್ರಣ ಕೋಣೆಯ, ರಕ್ಷಾಕವಚ ಹೋಗುತ್ತದೆ. ಏಟು ತಿಂದು ಹತೋಟಿ ತಪ್ಪಿದ ಎ-ವಿಂಗ್ ಎಂಬ ಪುಟ್ಟ ಯುದ್ಧವಿಮಾನ ಆ ಕೋಣೆಯ ಕಿಟಕಿಗೆ ನುಗ್ಗುವುದು ಆಮೇಲೆ. ಕವಚ ಉಳಿದಿದ್ದರೆ ಆ ವಿಮಾನ ಹೊರಗೇ ಪುಡಿಯಾಗುತ್ತಿತ್ತು. ಚುಕ್ಕಾಣಿ ಇಲ್ಲದ ಹಡಗು ಮೂತಿ ತಗ್ಗಿಸಿ ಪಕ್ಕದ ಡೆತ್ ಸ್ಟಾರ್ ಎಂಬ ದೈತ್ಯ ಬಾಹ್ಯಾಕಾಶ ಕೋಟೆಗೆ ಬಡಿಯುತ್ತದೆ. ಆಗ ಹಡಗಿನ ಹೊಣೆ ಅಡ್ಮಿರಲ್ ಪಿಯೆಟ್‌ನದು. ವೇಡರ್ ಅದರಲ್ಲಿರಲೇ ಇಲ್ಲ, ಡೆತ್ ಸ್ಟಾರ್‌ನೊಳಗೆ ತನ್ನ ಮಗನ ಜೊತೆಗಿದ್ದ.

– ಓದುಗ, ದಾವಣಗೆರೆ