ಆಪರೇಷನ್ ಮುಗಿದ ಮೇಲಿನ ರಾತ್ರಿಗಳು

ಚಿ. ರಘುವಿಗೆ ಅತ್ತೆಯ ಆಶೀರ್ವಾದಗಳು.

ನಿನ್ನ ಅಪ್ಪನ ಬೈಪಾಸಿಗೆ ದಿನ ಗೊತ್ತಾಯಿತೆಂದು ಅಮ್ಮ ಫೋನ್ ಮಾಡಿದ್ದಳು. ಹೃದಯದ ಚಿಂತೆಯನ್ನು ಸರ್ಜನ್ನರಿಗೆ ಬಿಡು. ನಾನು ಬರೆಯುತ್ತಿರುವುದು ಆಮೇಲಿನ ಎರಡು ಮೂರು ದಿನಗಳ ಬಗ್ಗೆ. ಐಸಿಯುವಿನ ರಾತ್ರಿಪಾಳಿಗಳಲ್ಲಿ ನಾನು ಹೆಚ್ಚು ಕಂಡದ್ದು ಅದನ್ನೇ.

ವಯಸ್ಸಾದವರು ಆಪರೇಷನ್ ಆದ ಮೇಲೆ ಒಮ್ಮೆಲೇ ಗಲಿಬಿಲಿಗೊಳ್ಳುವುದುಂಟು. ಗೋಡೆಯ ಮೇಲೆ ಇರುವೆ ಸಾಲು ಕಾಣುತ್ತದೆ, ಮೂತ್ರದ ನಳಿಕೆ ಕೀಳಲು ಹೋಗುತ್ತಾರೆ, ಮಗನನ್ನೇ ಯಾರೆಂದು ಕೇಳುತ್ತಾರೆ. ಇದಕ್ಕೆ ಡೆಲಿರಿಯಂ ಎನ್ನುತ್ತಾರೆ. ಹುಚ್ಚಲ್ಲ, ಬಹಳಷ್ಟು ಜನರಲ್ಲಿ ಕೆಲವು ದಿನಗಳಲ್ಲಿ ಇಳಿಯುತ್ತದೆ. ಆದರೆ ಕೆಲವರ ನೆನಪು ತಿಂಗಳುಗಟ್ಟಲೆ ಮಂಕಾಗಿಯೇ ಉಳಿಯುತ್ತದೆ.

1999ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಡಾ. ಶರಾನ್ ಇನೂಯೆ ಮತ್ತು ಸಂಗಡಿಗರು ಆಸ್ಪತ್ರೆ ಸೇರಿದ 852 ಹಿರಿಯರ ಅಧ್ಯಯನವನ್ನು ಪ್ರಕಟಿಸಿದರು. ಅವರು ಆಪರೇಷನ್ ರೋಗಿಗಳಲ್ಲ, ಸಾಮಾನ್ಯ ವಾರ್ಡಿನವರು. ಕನ್ನಡಕ, ಶ್ರವಣಯಂತ್ರ, ನಿದ್ದೆ, ನೀರು, ಓಡಾಟ, ಮಾತುಕತೆ ಇವುಗಳ ಕಡೆ ಗಮನ ಕೊಟ್ಟಾಗ ಡೆಲಿರಿಯಂ ಶೇ. 15ರಿಂದ ಶೇ. 9.9ಕ್ಕೆ ಇಳಿಯಿತು. ಒಮ್ಮೆ ಶುರುವಾದ ಮೇಲೆ ಮಾತ್ರ ಇವು ಅದರ ತೀವ್ರತೆಯನ್ನು ಹೇಳಿಕೊಳ್ಳುವಷ್ಟು ತಗ್ಗಿಸಲಿಲ್ಲ. ಆದ್ದರಿಂದಲೇ ಈಗ ಬರೆಯುತ್ತಿದ್ದೇನೆ.

ಶ್ರವಣಯಂತ್ರದ ಡಬ್ಬಿಯ ಮೇಲೆ ಹೆಸರು ಬರೆದು, ಹೊಸ ಬ್ಯಾಟರಿಯ ಜೊತೆ ನರ್ಸ್ ಕೈಗೆ ಕೊಡು. ಕಿವಿ ಕೇಳದ, ಕಣ್ಣು ಕಾಣದ ಮುದುಕನಿಗೆ ಐಸಿಯುವಿನಲ್ಲಿ ಹಗಲು ಯಾವುದು, ರಾತ್ರಿ ಯಾವುದು? ಒಳಗೆ ಹೋದಾಗ, "ಅಪ್ಪಾ, ಇವತ್ತು ಗುರುವಾರ, ಆಪರೇಷನ್ ಮುಗಿಯಿತು, ಈಗ ಮಧ್ಯಾಹ್ನ" ಎಂದು ಹೇಳು. ಜಮೀನಿನ ವ್ಯಾಜ್ಯ ತೆಗೆಯಬೇಡ. ರಾತ್ರಿ ದೀಪ ತಗ್ಗಿಸಲು ಸಾಧ್ಯವೇ ಎಂದು ವಿನಯದಿಂದ ಕೇಳು. ಫಿಸಿಯೋಥೆರಪಿಯವರು ಕುರ್ಚಿಗೆ ಕೂರಿಸಲು ಬಂದರೆ, ಪಾಪ ಮಲಗಲಿ ಬಿಡಿ ಎನ್ನಬೇಡ. ನಿನ್ನ ಅಪ್ಪ ಹಲ್ಲುಕಚ್ಚಿ ನೋವು ನುಂಗುವವನು. ಅದನ್ನೂ ಅವರಿಗೆ ತಿಳಿಸು.

ಕೂಗಾಡುವವರನ್ನು ಎಲ್ಲರೂ ಗಮನಿಸುತ್ತಾರೆ. ಮಾತಿಲ್ಲದೆ ಮಂಪರಿನಲ್ಲಿ ಬಿದ್ದವರನ್ನು ಮಾತ್ರ "ಚೆನ್ನಾಗಿ ಮಲಗಿದ್ದಾರೆ" ಎಂದುಕೊಂಡು ಬಿಡುತ್ತೇವೆ. ಅದೂ ಡೆಲಿರಿಯಂ ಆಗಿರಬಹುದು. ವಾರದ ಹೆಸರುಗಳನ್ನು ಹಿಂದಿನಿಂದ ಹೇಳಲು ಕೇಳಿನೋಡು. ಅರ್ಧದಲ್ಲೇ ಗಮನ ತಪ್ಪಿದರೆ ತಕ್ಷಣ ನರ್ಸಿಗೋ ವೈದ್ಯರಿಗೋ ತಿಳಿಸು, "ಇವರು ಹೀಗಿರುವವರಲ್ಲ" ಎನ್ನು. ಆಮ್ಲಜನಕ ಕಡಿಮೆಯಾಗಿರಬಹುದು, ಸೋಂಕಿರಬಹುದು. ಹುಡುಕುವುದು ಅವರ ಕೆಲಸ. ನೀನು ವಾದಕ್ಕಿಳಿಯಬೇಡ. ಇರುವೆ ಇಲ್ಲವೆಂದು ಸಾಧಿಸಿ ಏನಾಗಬೇಕು?

ಇನ್ನೊಂದು ವಿಷಯವಿದೆ, ಮುಜುಗರದ್ದು. ಅವನ ಸಂಜೆಯ ಪೆಗ್ಗುಗಳ ಲೆಕ್ಕವನ್ನೂ ನಿದ್ದೆಗೆಂದು ತಾನೇ ತಂದು ನುಂಗುವ ಮಾತ್ರೆಯ ಹೆಸರನ್ನೂ ಅರಿವಳಿಕೆ ವೈದ್ಯರಿಗೆ ಮುಚ್ಚಿಡದೆ ಹೇಳಬೇಕು. ಎರಡರಲ್ಲಿ ಯಾವುದನ್ನು ದಿಢೀರನೆ ನಿಲ್ಲಿಸಿದರೂ ಡೆಲಿರಿಯಂ ಬರಬಹುದು, ಆದ್ದರಿಂದ ನೀವಾಗಿಯೇ ನಿಲ್ಲಿಸಬೇಡಿ. ನಿನ್ನ ಅಮ್ಮ ಎದುರಿಗಿದ್ದರೆ ಅವನು ಪೆಗ್ಗಿನ ಲೆಕ್ಕವನ್ನು ಅರ್ಧಕ್ಕಿಳಿಸುತ್ತಾನೆ. ಅವಳು ಅಡುಗೆಮನೆಯಲ್ಲಿರುವಾಗ ಕೇಳು.

ನಿನ್ನ ಅತ್ತೆ,
ಸುಶೀಲ